ಮೀನುಕೆರೆಗಳ ಜಲಸಸ್ಯಗಳು

ಮೀನುಕೆರೆಗಳ ಜಲಸಸ್ಯಗಳು ಎಂದರೆ ಮೀನು ಸಾಕುವ ಅಥವಾ ಮೀನು ಹಿಡಿಯುವ ಸಿಹಿನೀರಿನ ಕೆರೆ, ಕಟ್ಟೆ, ಕೊಳ ಮತ್ತು ಹೊಂಡಗಳಲ್ಲಿ ನೀರಿನೊಳಗೆ, ನೀರಿನ ಮೇಲೆ ಅಥವಾ ದಡದ ಕೆಸರಿನಲ್ಲಿ ಬೆಳೆಯುವ ಸಸ್ಯಗಳು. ತಾವರೆ, ನೈದಿಲೆ, ಅಂತರಗಂಗೆ, ಜೊಂಡು, ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ, ಅಜೋಲ್ಲಾ ಮೊದಲಾದವು ಕರ್ನಾಟಕದ ಕೆರೆಗಳಲ್ಲಿ ಸಾಮಾನ್ಯವಾಗಿ ಕಾಣಸಿಗುತ್ತವೆ. ಇವು ನೀರಿಗೆ ಆಮ್ಲಜನಕವನ್ನು ಸೇರಿಸುತ್ತವೆ, ಮೀನಿನ ಮೊಟ್ಟೆ ಮತ್ತು ಮರಿಗಳಿಗೆ ಆಸರೆಯಾಗುತ್ತವೆ, ನೀರಿನಲ್ಲಿ ಕರಗಿದ ಸಾರಜನಕ ಮತ್ತು ರಂಜಕಗಳನ್ನು ಹೀರಿಕೊಳ್ಳುತ್ತವೆ.

ಮೀನು ಸಾಕಣೆಯ ಕೈಪಿಡಿಗಳು ಈ ಎಲ್ಲ ಸಸ್ಯಗಳನ್ನು ಒಟ್ಟಾಗಿ ‘ಜಲಕಳೆ’ ಎಂದು ಕರೆಯುವುದುಂಟು. ಆ ಹೆಸರು ಅರ್ಧ ಮಾತ್ರ ಸರಿ. ಒಂದೇ ಸಸ್ಯ ಒಂದು ಪ್ರಮಾಣದವರೆಗೆ ಮೀನಿಗೆ ತೊಟ್ಟಿಲು. ಆ ಪ್ರಮಾಣವನ್ನು ಮೀರಿದರೆ ಅದೇ ಸಸ್ಯ ಒಂದು ರಾತ್ರಿಯಲ್ಲಿ ಕೆರೆಯ ಮೀನನ್ನೆಲ್ಲ ಕೊಲ್ಲಬಲ್ಲದು. ಆದುದರಿಂದ ಯಾವ ಸಸ್ಯ ಒಳ್ಳೆಯದು, ಯಾವುದು ಕೆಟ್ಟದ್ದು ಎಂಬುದಕ್ಕಿಂತ ಎಷ್ಟು ಇದೆ, ಎಲ್ಲಿ ಇದೆ, ಯಾವ ಹೊತ್ತಿನಲ್ಲಿ ಏನು ಮಾಡುತ್ತದೆ ಎಂಬುದನ್ನು ತಿಳಿಯುವುದು ಹೆಚ್ಚು ಉಪಯುಕ್ತ.

ಹಿನ್ನೆಲೆ

ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಇವುಗಳಲ್ಲಿ ಬಹುಪಾಲು ನೀರಾವರಿಗಾಗಿ ಮನುಷ್ಯರು ಏರಿ ಕಟ್ಟಿ ನಿರ್ಮಿಸಿದವು. ಕೆರೆಯ ಅಂಗಳ ಸಾಮಾನ್ಯವಾಗಿ ಇಳಿಜಾರಾಗಿರುತ್ತದೆ. ಏರಿಯ ಬಳಿ ಆಳ ಹೆಚ್ಚು, ನೀರು ಒಳಬರುವ ಕಡೆ ಮೊಣಕಾಲುದ್ದ ಅಥವಾ ಅದಕ್ಕೂ ಕಡಿಮೆ. ಈ ಇಳಿಜಾರೇ ಸಸ್ಯಗಳ ವೈವಿಧ್ಯಕ್ಕೆ ಕಾರಣ. ಬೆಳಕು ತಳವನ್ನು ಮುಟ್ಟುವ ತೆಳುನೀರಿನಲ್ಲಿ ಬೇರೂರುವ ಗಿಡಗಳು ಬೆಳೆದರೆ, ಆಳದ ಕಡೆ ತೇಲುವ ಗಿಡಗಳು ಮಾತ್ರ ಉಳಿಯಬಲ್ಲವು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಂತೆ ದಡದ ಸಸ್ಯಗಳು ಅಂಗಳಕ್ಕೆ ಇಳಿಯುತ್ತವೆ. ಮಳೆಗಾಲದಲ್ಲಿ ಮತ್ತೆ ಮುಳುಗುತ್ತವೆ.

ಮೀನು ಸಾಕಣೆಗೆಂದೇ ತೋಡಿದ ಕೊಳಗಳ ಸ್ಥಿತಿ ಬೇರೆ. ಅವುಗಳ ತಳ ಸಮತಟ್ಟು, ಅಂಚು ಕಡಿದಾಗಿ, ಆಳ ಒಂದೂವರೆಯಿಂದ ಎರಡು ಮೀಟರ್ ಇರುವಂತೆ ಮಾಡಲಾಗುತ್ತದೆ. ಸಗಣಿ ಮತ್ತು ರಸಗೊಬ್ಬರ ಹಾಕಿ ನೀರನ್ನು ಹಸಿರಾಗಿಸುವುದರಿಂದ ಬೆಳಕು ತಳಕ್ಕೆ ಇಳಿಯದು. ಅಲ್ಲಿ ಜಲಸಸ್ಯಗಳಿಗೆ ಜಾಗ ಕಡಿಮೆ, ಇರಬೇಕೆಂಬ ಅಪೇಕ್ಷೆಯೂ ಕಡಿಮೆ. ಈ ಕೊಳಗಳಿಗಾಗಿ ಬರೆದ ಸಲಹೆಗಳನ್ನು ಊರ ಕೆರೆಗೆ ಹಾಗೆಯೇ ಅನ್ವಯಿಸುವುದರಿಂದ ಅನೇಕ ತೊಂದರೆಗಳು ಹುಟ್ಟಿವೆ.

ವೈವಿಧ್ಯ

ಜಲಸಸ್ಯಗಳನ್ನು ಅವು ನೀರಿನಲ್ಲಿ ನಿಲ್ಲುವ ಬಗೆಯನ್ನು ನೋಡಿ ನಾಲ್ಕು ಗುಂಪುಗಳಾಗಿ ವಿಂಗಡಿಸುವುದು ರೂಢಿ. ಇದು ಸಸ್ಯಶಾಸ್ತ್ರದ ಕುಟುಂಬಗಳ ವಿಂಗಡಣೆಯಲ್ಲ. ಒಂದೇ ಗುಂಪಿನಲ್ಲಿ ಹೂಬಿಡುವ ಸಸ್ಯವೂ ಜರಿಗಿಡವೂ ಇರಬಹುದು.

ದಡದ ಸಸ್ಯಗಳ ಬೇರು ಕೆಸರಿನಲ್ಲಿದ್ದು ಎಲೆ ಮತ್ತು ಹೂಗಳು ನೀರಿನಿಂದ ಮೇಲೆ ನಿಲ್ಲುತ್ತವೆ. ಆಪು ಎಂದೂ ಕರೆಯಲಾಗುವ ಜೊಂಡು, ಹಲವು ಬಗೆಯ ಜೇಕು, ಬಜೆ, ನೀರು ಬ್ರಾಹ್ಮಿ ಈ ಗುಂಪಿನವು. ಜೊಂಡಿನ ಎಲೆ ಮತ್ತು ಕಾಂಡದೊಳಗೆ ಗಾಳಿ ತುಂಬಿದ ನಾಳಗಳಿವೆ. ಎಲೆಯಿಂದ ಇಳಿಯುವ ಗಾಳಿ ಬೇರನ್ನು ತಲುಪಿ ಸುತ್ತಲಿನ ಕೆಸರಿಗೂ ಸ್ವಲ್ಪ ಸೋರುತ್ತದೆ. ಕರಿ ಕೆಸರಿನಿಂದ ಜೊಂಡಿನ ಬೇರನ್ನು ಕಿತ್ತಾಗ ಅದರ ಸುತ್ತ ತುಕ್ಕಿನ ಬಣ್ಣದ ಲೇಪ ಕಾಣುವುದು ಇದರಿಂದಲೇ. ಕೆಸರಿನಲ್ಲಿದ್ದ ಕಬ್ಬಿಣ ಆಮ್ಲಜನಕದೊಂದಿಗೆ ಕೂಡಿ ಅಲ್ಲಿ ತುಕ್ಕಾಗಿರುತ್ತದೆ.

ಬೇರು ತಳದಲ್ಲಿದ್ದು ಎಲೆ ನೀರಿನ ಮೇಲೆ ಹರಡುವ ಸಸ್ಯಗಳಲ್ಲಿ ತಾವರೆ ಮತ್ತು ನೈದಿಲೆ ಪ್ರಸಿದ್ಧ. ಇವೆರಡೂ ನೋಡಲು ಹೋಲುತ್ತವೆಯಾದರೂ ಹತ್ತಿರದ ಸಂಬಂಧಿಗಳಲ್ಲ. ನೈದಿಲೆಯ ಎಲೆಯಲ್ಲಿ ತೊಟ್ಟು ಸೇರುವ ಕಡೆ ಸೀಳು ಇದ್ದು ಎಲೆ ನೀರಿನ ಮೇಲೆಯೇ ತೇಲುತ್ತದೆ. ತಾವರೆಯ ಎಲೆ ಸೀಳಿಲ್ಲದ ದುಂಡು ತಟ್ಟೆ. ತೊಟ್ಟು ಅದರ ನಡುವೆ ಸೇರುತ್ತದೆ. ಬಲಿತ ಎಲೆ ಮತ್ತು ಹೂ ನೀರಿನಿಂದ ಮೇಲೆ ಎದ್ದು ನಿಲ್ಲುತ್ತವೆ. ಚಿತ್ರಗಳಲ್ಲಿ ನೈದಿಲೆಯ ಎಲೆಯ ನಡುವೆ ತಾವರೆಯ ಹೂವನ್ನು ಬಿಡಿಸುವುದು ಪಠ್ಯಪುಸ್ತಕಗಳಲ್ಲಿಯೂ ಕಂಡುಬರುವ ತಪ್ಪು. ತಾವರೆಯ ಎಲೆಯ ಮೇಲ್ಮೈಯಲ್ಲಿ ಮೇಣದಿಂದ ಕೂಡಿದ ಅತಿ ಸಣ್ಣ ಉಬ್ಬುಗಳಿರುವುದರಿಂದ ನೀರು ಅಂಟದೆ ಹನಿಯಾಗಿ ಉರುಳುತ್ತದೆ, ಜೊತೆಗೆ ಧೂಳನ್ನೂ ಒಯ್ಯುತ್ತದೆ. ಇದರ ಬೀಜದ ಆಯುಷ್ಯ ಅಚ್ಚರಿ ಹುಟ್ಟಿಸುವಂಥದ್ದು: ಚೀನಾದ ಒಣಗಿದ ಸರೋವರವೊಂದರ ತಳದಲ್ಲಿ ಸಿಕ್ಕಿದ ಸುಮಾರು 1300 ವರ್ಷ ಹಳೆಯ ಬೀಜ ಮೊಳೆತಿದೆ. ಪಂಕಜ, ಜಲಜ, ಸರೋಜ, ಅಂಬುಜ ಎಂಬ ಹೆಸರುಗಳೆಲ್ಲ ಈ ಹೂ ಹುಟ್ಟುವ ಜಾಗವನ್ನೇ ಹೇಳುತ್ತವೆ.

ಮುಳುಗಿ ಬೆಳೆಯುವ ಸಸ್ಯಗಳು ದಡದಲ್ಲಿ ನಿಂತವರ ಕಣ್ಣಿಗೆ ಬೀಳುವುದು ಕಡಿಮೆ. ಆದರೆ ಮೀನಿನ ದೃಷ್ಟಿಯಿಂದ ಇವೇ ಮುಖ್ಯ. ಹೈಡ್ರಿಲ್ಲಾ, ನಾಜಸ್, ಪೊಟಮೋಜೆಟನ್, ಒಟ್ಟೀಲಿಯಾ, ಬೇರೇ ಇಲ್ಲದ ಸೆರಟೋಫಿಲ್ಲಮ್ ಇವು ಈ ಗುಂಪಿನವು. ಇವುಗಳ ಎಲೆ ತೆಳು, ಕಾಂಡ ಮೆದು. ನೀರಿನಿಂದ ಹೊರಗೆಳೆದರೆ ನಿಲ್ಲಲಾರದೆ ಜೋತುಬೀಳುತ್ತವೆ. ಕರಗಿದ ಅನಿಲ ಮತ್ತು ಲವಣಗಳನ್ನು ಎಲೆಯ ಮೂಲಕವೇ ಹೀರಬಲ್ಲವು. ಉದ್ದನೆಯ ಪಟ್ಟಿಯಂಥ ಎಲೆಗಳ ವ್ಯಾಲಿಸ್ನೇರಿಯಾದ ಪರಾಗಸ್ಪರ್ಶ ಶಾಲೆಯ ಪಾಠಗಳಲ್ಲಿ ಬರುವ ಸಂಗತಿ. ಅದರ ಹೆಣ್ಣುಹೂ ಉದ್ದ ತೊಟ್ಟಿನ ಮೇಲೆ ನೀರಿನ ಮಟ್ಟಕ್ಕೆ ಏರುತ್ತದೆ. ಗಂಡುಹೂಗಳು ಬುಡದಲ್ಲಿ ಗಿಡದಿಂದ ಕಳಚಿಕೊಂಡು ಮೇಲೆ ಬಂದು, ಪುಟ್ಟ ದೋಣಿಗಳಂತೆ ತೇಲುತ್ತ ಹೆಣ್ಣುಹೂವನ್ನು ತಾಗುತ್ತವೆ. ಬಳಿಕ ತೊಟ್ಟು ಸುರುಳಿಯಾಗಿ ಮಡಿಸಿಕೊಂಡು ಕಾಯನ್ನು ನೀರಿನ ಆಳಕ್ಕೆ ಎಳೆದುಕೊಳ್ಳುತ್ತದೆ. ಯುಟ್ರಿಕ್ಯುಲೇರಿಯಾ ಎಂಬ ಇನ್ನೊಂದು ಸಸ್ಯ ತನ್ನ ಸಣ್ಣ ಗುಳ್ಳೆಗಳಲ್ಲಿ ನೀರಿನ ಚಿಗಟಗಳಂಥ ಜೀವಿಗಳನ್ನು ಹಿಡಿದು ಜೀರ್ಣಿಸಿಕೊಳ್ಳುತ್ತದೆ; ಆಗತಾನೆ ಮೊಟ್ಟೆಯೊಡೆದ ಮೀನಿನ ಮರಿಯೂ ಕೆಲವೊಮ್ಮೆ ಅದಕ್ಕೆ ಸಿಲುಕುವುದುಂಟು.

ಸ್ವತಂತ್ರವಾಗಿ ತೇಲುವ ಸಸ್ಯಗಳ ಬೇರು ತಳವನ್ನು ಮುಟ್ಟುವುದಿಲ್ಲ. ಅಂತರಗಂಗೆ, ಲೆಮ್ನಾ, ಅಜೋಲ್ಲಾ, ಸಾಲ್ವೀನಿಯಾ ಮತ್ತು ವಾಟರ್ ಹಯಸಿಂತ್ ಇಲ್ಲಿ ಸೇರುತ್ತವೆ. ಅಂತರಗಂಗೆ ಎಂಬುದು ಎಲೆಕೋಸಿನ ಸಣ್ಣ ಮೊಗ್ಗಿನಂತೆ ಕಾಣುವ ಪಿಸ್ಟಿಯಾದ ಹೆಸರು. ಆದರೆ ನೇರಳೆ ಹೂವಿನ ವಾಟರ್ ಹಯಸಿಂತಿಗೂ ಜನ ಅದೇ ಹೆಸರನ್ನು ಬಳಸುವುದರಿಂದ ಪತ್ರಿಕಾ ವರದಿಗಳನ್ನು ಓದುವಾಗ ಗೊಂದಲವಾಗುತ್ತದೆ. ಹೂಬಿಡುವ ಸಸ್ಯಗಳಲ್ಲೇ ಅತಿ ಚಿಕ್ಕದಾದ ವುಲ್ಫಿಯಾ ಈ ಗುಂಪಿನದು. ಅದರ ಇಡೀ ಗಿಡ ಒಂದು ಮಿಲಿಮೀಟರಿನ ಆಸುಪಾಸಿನಲ್ಲಿದ್ದು ರವೆಯ ಕಾಳಿನಂತೆ ಕಾಣುತ್ತದೆ. ಅಜೋಲ್ಲಾ ಒಂದು ಜರಿಗಿಡ. ಅದರ ಎಲೆಯ ಪೊಟರೆಗಳಲ್ಲಿ ವಾಸಿಸುವ ನೀಲಿಹಸಿರು ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗೊಬ್ಬರವಾಗಿ ಮಾರ್ಪಡಿಸುತ್ತವೆ.

ಹಗಲಿನ ಆಮ್ಲಜನಕ, ಇರುಳಿನ ಕೊರತೆ

ಸಸ್ಯಗಳು ಆಮ್ಲಜನಕ ಕೊಡುತ್ತವೆ ಎಂಬ ಪಾಠ ಎಲ್ಲರಿಗೂ ನೆನಪಿರುತ್ತದೆ. ಅವೇ ಸಸ್ಯಗಳು ಇರುಳಿನಲ್ಲಿ ಆಮ್ಲಜನಕವನ್ನು ಬಳಸುತ್ತವೆ ಎಂಬ ಅದರ ಮುಂದಿನ ಸಾಲು ಮರೆತುಹೋಗುತ್ತದೆ. ಕೆರೆಯ ಮೀನಿನ ಬದುಕು ನಿಂತಿರುವುದು ಈ ಎರಡನೆಯ ಸಾಲಿನ ಮೇಲೆ.

ನೀರು ತನ್ನಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ಆಮ್ಲಜನಕ ಬಹಳ ಕಡಿಮೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಿಲಿಗ್ರಾಂ. ಗೆಂಡೆ ಜಾತಿಯ ಮೀನುಗಳು ಚೆನ್ನಾಗಿ ಬೆಳೆಯಲು 5 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಬೇಕು. 3ಕ್ಕಿಂತ ಕೆಳಗಿಳಿದರೆ ಅವು ಮೇವು ಬಿಟ್ಟು ಸಂಕಟಪಡುತ್ತವೆ. ಅಂದರೆ ಬೇಸಿಗೆಯ ಕೆರೆಯಲ್ಲಿ ಸುಖಕ್ಕೂ ಸಂಕಟಕ್ಕೂ ನಡುವಿನ ಅಂತರ ಕೆಲವೇ ಮಿಲಿಗ್ರಾಂ.

ಮುಳುಗಿದ ಸಸ್ಯಗಳು ದಟ್ಟವಾಗಿರುವ ಕೆರೆಯಲ್ಲಿ ಬಿಸಿಲೇರಿದಂತೆ ದ್ಯುತಿಸಂಶ್ಲೇಷಣೆ ನಡೆದು ಎಲೆಗಳ ಮೇಲೆ ಗುಳ್ಳೆಗಳು ಕೂರುತ್ತವೆ. ಮಧ್ಯಾಹ್ನದ ಹೊತ್ತಿಗೆ ನೀರು ಹಿಡಿಯಬಲ್ಲುದಕ್ಕಿಂತಲೂ ಹೆಚ್ಚು ಆಮ್ಲಜನಕ ಅದರಲ್ಲಿರುತ್ತದೆ. ಅದೇ ವೇಳೆ ಇಂಗಾಲದ ಡೈಆಕ್ಸೈಡ್ ಖಾಲಿಯಾಗುವುದರಿಂದ ನೀರಿನ ಪಿಎಚ್ 9ನ್ನು ದಾಟಬಹುದು. ಕ್ಷಾರತೆ ಹೀಗೆ ಏರಿದಾಗ ನೀರಿನಲ್ಲಿರುವ ಅಮೋನಿಯಾ ಮೀನಿಗೆ ಹೆಚ್ಚು ವಿಷಕಾರಿ ರೂಪವನ್ನು ತಾಳುತ್ತದೆ. ಸೂರ್ಯ ಮುಳುಗಿದ ಮೇಲೆ ಉತ್ಪಾದನೆ ನಿಲ್ಲುತ್ತದೆ, ಬಳಕೆ ಮಾತ್ರ ಮುಂದುವರಿಯುತ್ತದೆ. ಸಸ್ಯ, ಮೀನು, ಬಸವನಹುಳು, ತಳದ ಕೆಸರಿನಲ್ಲಿ ಕೊಳೆತವನ್ನು ತಿನ್ನುವ ಕೋಟ್ಯಂತರ ಬ್ಯಾಕ್ಟೀರಿಯಾ, ಎಲ್ಲವೂ ಒಂದೇ ಗಂಟಿನಿಂದ ಖರ್ಚು ಮಾಡುತ್ತವೆ. ಬೆಳಗಿನ ಜಾವ, ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ, ಗಂಟು ತಳ ಕಾಣುತ್ತದೆ.

ಮೀನುಗಾರರು ಇದನ್ನು ಯಾವ ಉಪಕರಣವೂ ಇಲ್ಲದೆ ಗುರುತಿಸುತ್ತಾರೆ. ನಸುಕಿನಲ್ಲಿ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಗುಟುಕರಿಸುತ್ತಿದ್ದರೆ, ಬಿಸಿಲೇರಿದ ಮೇಲೆ ಅವು ಕೆಳಗಿಳಿದರೆ, ಕೊರತೆ ಆಮ್ಲಜನಕದ್ದೇ. ಕಾಟ್ಲಾ ಮತ್ತು ಬೆಳ್ಳಿ ಗೆಂಡೆಗಳು ಬೇಗ ಸೋಲುತ್ತವೆ; ಕೊರವ, ಚೇಳುಮೀನುಗಳಂಥ ಗಾಳಿ ಉಸಿರಾಡಬಲ್ಲ ಮೀನುಗಳು ಉಳಿಯುತ್ತವೆ. ಎರಡು ಮೂರು ದಿನ ಮೋಡ ಕವಿದರೆ ಅಪಾಯ ಹೆಚ್ಚು, ಏಕೆಂದರೆ ಹಗಲಿನ ಗಳಿಕೆಯೇ ಇರುವುದಿಲ್ಲ. ಇಂಥ ಹೊತ್ತಿನಲ್ಲಿ ಮೇವು ಮತ್ತು ಗೊಬ್ಬರ ಹಾಕುವುದನ್ನು ಕೂಡಲೇ ನಿಲ್ಲಿಸಿ, ಪಂಪಿನಿಂದ ನೀರನ್ನು ಮೇಲಕ್ಕೆ ಚಿಮ್ಮಿಸುವುದು ಅಥವಾ ಹೊಸ ನೀರು ಬಿಡುವುದು ತುರ್ತು ಪರಿಹಾರ.

ತೇಲುವ ಸಸ್ಯಗಳ ವಿಷಯ ಇನ್ನೂ ಕಠಿಣ. ಅವುಗಳ ಎಲೆ ಗಾಳಿಯಲ್ಲಿರುವುದರಿಂದ ಅವು ಬಿಡುವ ಆಮ್ಲಜನಕ ಬಹುಮಟ್ಟಿಗೆ ಗಾಳಿಗೇ ಹೋಗುತ್ತದೆ, ನೀರಿಗೆ ಸಿಗುವುದಿಲ್ಲ. ಕೆರೆಯ ಮೇಲೆ ಅವು ಹಾಸಿದರೆ ಕೆಳಗೆ ಬೆಳಕಿಲ್ಲ. ಗಾಳಿ ಬೀಸಿ ಅಲೆ ಎದ್ದು ನೀರಿಗೆ ಗಾಳಿ ಬೆರೆಯುವುದೂ ಇಲ್ಲ. ಸತ್ತ ಬೇರು ಮತ್ತು ಎಲೆ ತಳಕ್ಕೆ ಬಿದ್ದು ಕೊಳೆಯುತ್ತ ಉಳಿದ ಆಮ್ಲಜನಕವನ್ನೂ ತಿನ್ನುತ್ತವೆ. ಹಸಿರು ಹಾಸಿನಂತೆ ಕಾಣುವ ಕೆರೆಯ ಒಳಗು ಹಗಲಿನಲ್ಲಿಯೂ ಉಸಿರುಗಟ್ಟಿದ ಕತ್ತಲೆ.

ಕೊಳಚೆ ಸೇರುವ ಕೆರೆಗಳಲ್ಲಿ ಇದೇ ಕೊರತೆ ಇನ್ನಷ್ಟು ಬೇಗ ಬರುತ್ತದೆ. 2016ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಕೊಳಚೆ ನೀರು ಸೇರಿ ಆಮ್ಲಜನಕ ಕುಸಿದದ್ದೇ ಕಾರಣವೆಂದು ಆಗ ವರದಿಯಾಯಿತು. ಇಂಥ ಘಟನೆ ನಡೆದಾಗ ಮೊದಲ ಅನುಮಾನ ಯಾರೋ ವಿಷ ಹಾಕಿದರೆಂಬುದರ ಮೇಲೆ ಬೀಳುತ್ತದೆ. ಗೊಬ್ಬರವಾಗಬಲ್ಲ ಕೊಳಚೆಯೇ ವಿಷದ ಕೆಲಸ ಮಾಡಬಲ್ಲದೆಂಬುದು ಸುಲಭವಾಗಿ ಹೊಳೆಯುವುದಿಲ್ಲ.

ಮೀನುಗಳೊಂದಿಗೆ ಸಂಬಂಧ

ಸಾಮಾನ್ಯ ಗೆಂಡೆಯ ಮೊಟ್ಟೆಗಳಿಗೆ ಅಂಟುಗುಣವಿದೆ. ಹೆಣ್ಣು ಮೀನು ತೆಳುನೀರಿನ ಸಸ್ಯಗಳ ನಡುವೆ ಮೊಟ್ಟೆಯಿಟ್ಟರೆ ಅವು ಎಲೆಗಳಿಗೆ ಅಂಟಿಕೊಂಡು, ಉಸಿರುಕಟ್ಟಿಸುವ ಕೆಸರಿಗೆ ಬೀಳದೆ ಉಳಿಯುತ್ತವೆ. ಮೀನುಮರಿ ಉತ್ಪಾದನಾ ಕೇಂದ್ರಗಳಲ್ಲಿಯೂ ಇದೇ ಉಪಾಯವನ್ನು ಅನುಸರಿಸಿ, ಬಲೆಬಟ್ಟೆಯ ತೊಟ್ಟಿಯೊಳಗೆ ತೊಳೆದ ಹೈಡ್ರಿಲ್ಲಾ ಅಥವಾ ನಾಜಸ್ ಗಿಡಗಳನ್ನು ಹಾಕಿ ಮೊಟ್ಟೆ ಸಂಗ್ರಹಿಸುವ ಪದ್ಧತಿಯಿದೆ. ಕೊರವ ಮೀನು ಗಿಡಗಳ ನಡುವೆ ದುಂಡಗೆ ಜಾಗ ಬಿಡಿಸಿ ಅಲ್ಲಿ ತೇಲುವ ಮೊಟ್ಟೆಗಳನ್ನಿಡುತ್ತದೆ. ಮರಿಗಳು ಗುಂಪಾಗಿ ಹೊರಡುವವರೆಗೂ ತಾಯಿತಂದೆ ಮೀನುಗಳು ಕಾವಲಿರುತ್ತವೆ. ಗಿಡಗಳೇ ಇಲ್ಲದ ಕೆರೆಯಲ್ಲಿ ಇಂಥ ಮೀನುಗಳ ಸಂತಾನ ಮುಂದುವರಿಯುವುದು ಕಷ್ಟ.

ಎಲೆ ಮತ್ತು ಕಾಂಡಗಳ ಮೇಲೆ ಕೈಗೆ ಜಾರುವ ತೆಳು ಪದರವೊಂದು ಕಟ್ಟಿರುತ್ತದೆ. ಪಾಚಿ, ಬ್ಯಾಕ್ಟೀರಿಯಾ ಮತ್ತು ಸೂಕ್ಷ್ಮಪ್ರಾಣಿಗಳ ಆ ಪದರವೇ ರೋಹುವಿನಂಥ ಮೀನುಗಳಿಗೆ, ಬಸವನಹುಳುಗಳಿಗೆ, ಕೀಟಗಳ ಮರಿಗಳಿಗೆ ಮೇವು. ಕೊಡತಿಕೀಟದ ಮರಿಗಳು ಕಾಂಡಗಳಲ್ಲಿ ಅಡಗಿ ಬೇಟೆಯಾಡಿ, ಬೆಳೆದ ಮೇಲೆ ಅದೇ ಕಾಂಡವನ್ನು ಹತ್ತಿ ಹೊರಬಂದು ರೆಕ್ಕೆ ಬಿಚ್ಚುತ್ತವೆ. ನೇರಳೆ ಜಂಬುಕೋಳಿ ಜೊಂಡಿನಲ್ಲಿ ಗೂಡು ಕಟ್ಟುತ್ತದೆ. ಉದ್ದ ಕಾಲ್ಬೆರಳಿನ ಜಕಾನ ಹಕ್ಕಿ ತಾವರೆಯೆಲೆಗಳ ಮೇಲೆಯೇ ನಡೆದಾಡುತ್ತದೆ.

ಸಸ್ಯವನ್ನೇ ತಿನ್ನುವ ಸಾಕುಮೀನುಗಳಲ್ಲಿ ಮುಖ್ಯವಾದುದು ಹುಲ್ಲುಗೆಂಡೆ. ಇದನ್ನು 1959ರಲ್ಲಿ ಹಾಂಗ್‌ಕಾಂಗ್‌ನಿಂದ ಭಾರತಕ್ಕೆ ತರಲಾಯಿತು. ಅನುಕೂಲವಾದ ಉಷ್ಣತೆಯಲ್ಲಿ ಇದು ದಿನವೊಂದಕ್ಕೆ ತನ್ನ ತೂಕದ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಹಸಿರನ್ನು ತಿನ್ನಬಲ್ಲದು. ಹೈಡ್ರಿಲ್ಲಾ, ನಾಜಸ್, ಲೆಮ್ನಾ, ಅಜೋಲ್ಲಾ ಇದಕ್ಕೆ ಪ್ರಿಯ. ವಾಟರ್ ಹಯಸಿಂತ್ ಮತ್ತು ಅಂತರಗಂಗೆಯನ್ನು ಮೂಸಿಯೂ ನೋಡದು. ತಿಂದುದರಲ್ಲಿ ದೊಡ್ಡ ಪಾಲು ಜೀರ್ಣವಾಗದೆ ಹೊರಬಿದ್ದು ಗೊಬ್ಬರವಾಗುತ್ತದೆ, ಅದರಿಂದ ಪ್ಲವಕಗಳು ಹೆಚ್ಚುತ್ತವೆ, ಉಳಿದ ಗೆಂಡೆಗಳಿಗೆ ಮೇವಾಗುತ್ತದೆ. ಆದರೆ ಲೆಕ್ಕವಿಲ್ಲದೆ ಬಿಟ್ಟರೆ ದೇಶೀ ಮೀನುಗಳಿಗೆ ಬೇಕಾದ ಒಳ್ಳೆಯ ಗಿಡಗಳನ್ನು ಮುಗಿಸಿ, ಬೇಡದ ಗಿಡಗಳನ್ನು ಉಳಿಸಿಬಿಡುತ್ತದೆ. ಸಾಮಾನ್ಯ ಗೆಂಡೆಯೂ ಮೇವಿಗಾಗಿ ತಳವನ್ನು ಕೆದಕಿ ಗಿಡಗಳ ಬೇರು ಸಡಿಲಿಸುತ್ತದೆ, ನೀರನ್ನು ಕದಡುತ್ತದೆ.

ತಿಳಿನೀರು ಮತ್ತು ಹಸಿರುನೀರು

ತೆಳುವಾದ ಕೆರೆಯೊಂದು ಸಾಮಾನ್ಯವಾಗಿ ಎರಡು ಸ್ಥಿತಿಗಳಲ್ಲಿ ಒಂದರಲ್ಲಿ ಇರುತ್ತದೆ. ಒಂದರಲ್ಲಿ ಮುಳುಗಿದ ಸಸ್ಯಗಳು ಹೇರಳವಾಗಿದ್ದು ನೀರು ತಿಳಿಯಾಗಿರುತ್ತದೆ. ಇನ್ನೊಂದರಲ್ಲಿ ಸಸ್ಯಗಳಿಲ್ಲದೆ ಪಾಚಿ ತುಂಬಿ ನೀರು ಹಸಿರು ಗಂಜಿಯಂತಿರುತ್ತದೆ. ನೆದರ್‌ಲೆಂಡ್ಸ್‌ನ ಪರಿಸರವಿಜ್ಞಾನಿ ಮಾರ್ಟೆನ್ ಶೆಫರ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಲೇಖನ ಈ ವಿಚಾರವನ್ನು ಸ್ಪಷ್ಟವಾಗಿ ಮುಂದಿಟ್ಟಿತು. ಗಿಡಗಳು ತಳದ ಕೆಸರನ್ನು ಹಿಡಿದಿಡುತ್ತವೆ, ಪೋಷಕಾಂಶಕ್ಕಾಗಿ ಪಾಚಿಯೊಂದಿಗೆ ಸ್ಪರ್ಧಿಸುತ್ತವೆ, ಪಾಚಿಯನ್ನು ತಿನ್ನುವ ಪ್ರಾಣಿಪ್ಲವಕಗಳಿಗೆ ಅಡಗುತಾಣವಾಗುತ್ತವೆ. ಹೀಗೆ ತಿಳಿನೀರು ಗಿಡವನ್ನೂ ಗಿಡ ತಿಳಿನೀರನ್ನೂ ಕಾಯುತ್ತವೆ. ಕೊಳಚೆಯ ರಂಜಕ ಹೆಚ್ಚುತ್ತ ಹೋದಂತೆ ಕೆರೆ ಕೆಲಕಾಲ ತಾಳಿಕೊಂಡು, ಬಳಿಕ ಒಮ್ಮೆಲೇ ಹಸಿರುನೀರಿಗೆ ತಿರುಗುತ್ತದೆ. ಹಾಗೆ ತಿರುಗಿದ ಕೆರೆಯನ್ನು ಹಿಂದಕ್ಕೆ ತರಲು ರಂಜಕವನ್ನು ಹಿಂದಿನ ಮಟ್ಟಕ್ಕೆ ಇಳಿಸಿದರೆ ಸಾಲದು, ಅದಕ್ಕಿಂತ ಬಹಳ ಕೆಳಕ್ಕೆ ಇಳಿಸಬೇಕಾಗುತ್ತದೆ.

ಮೀನು ಸಾಕುವ ರೈತನಿಗೆ ಬೇಕಾಗಿರುವುದು ಮಾತ್ರ ಮಿತವಾದ ಹಸಿರುನೀರು, ಏಕೆಂದರೆ ಪ್ಲವಕವೇ ಅವನ ಮೀನಿನ ಆಹಾರ. ಮೊಣಕೈಯವರೆಗೆ ಕೈ ಮುಳುಗಿಸಿದಾಗ ಅಂಗೈ ಮಸುಕಾಗಿ ಕಾಣುವಷ್ಟು ಹಸಿರಿದ್ದರೆ ಸಾಕೆಂಬುದು ರೂಢಿಯ ಅಳತೆ. ಕೊಳಕ್ಕೆ ಇದು ಸರಿ. ಕುಡಿಯುವ ನೀರು, ದನಕರು, ಹಕ್ಕಿಗಳು, ದೇಶೀ ಮೀನುಗಳು ಎಲ್ಲಕ್ಕೂ ಆಧಾರವಾದ ಊರ ಕೆರೆಯಲ್ಲಿ ತಿಳಿನೀರೇ ಲೇಸು.

ಹೊರಗಿನಿಂದ ಬಂದ ಸಸ್ಯಗಳು

ವಾಟರ್ ಹಯಸಿಂತಿನ ತವರು ದಕ್ಷಿಣ ಅಮೆರಿಕ. ಹೂವಿನ ಅಂದಕ್ಕೆ ಮರುಳಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂಗಾಳಕ್ಕೆ ತಂದ ಈ ಸಸ್ಯ ಅಲ್ಲಿನ ಹೊಳೆ ಮತ್ತು ಗದ್ದೆಗಳನ್ನು ಎಷ್ಟು ಆವರಿಸಿತೆಂದರೆ, 1936ರಲ್ಲಿ ಅದರ ವಿರುದ್ಧ ಅಲ್ಲಿ ಕಾಯ್ದೆಯನ್ನೇ ಮಾಡಬೇಕಾಯಿತು. ಇದು ಬಳ್ಳಿಯಂಥ ಕುಡಿಗಳಿಂದ ಹೊಸ ಗಿಡಗಳನ್ನು ಹುಟ್ಟಿಸುತ್ತದೆ; ಪೋಷಕಾಂಶ ಹೇರಳವಾಗಿದ್ದರೆ ಒಂದೆರಡು ವಾರಗಳಲ್ಲಿ ಇಮ್ಮಡಿಯಾಗುತ್ತದೆ. ಬೀಜಗಳು ಕೆಸರಿನಲ್ಲಿ ಅನೇಕ ವರ್ಷ ಜೀವ ಹಿಡಿದಿರುತ್ತವೆ. ಬ್ರೆಜಿಲ್ ಮೂಲದ ಸಾಲ್ವೀನಿಯಾ ಮೊಲೆಸ್ಟಾ ಕೇರಳದ ಹಿನ್ನೀರಿನಲ್ಲಿ ಇಂಥದೇ ಉಪದ್ರವ ಮಾಡಿತು. ಕೇರಳದ ಚೇರ್ತಲ ಭಾಗದಲ್ಲಿ ಆನೆಕಾಲು ರೋಗ ಹರಡುವ ಮ್ಯಾನ್ಸೋನಿಯಾ ಸೊಳ್ಳೆಯ ಮರಿಗಳು ಅಂತರಗಂಗೆಯಂಥ ಗಿಡಗಳ ಬೇರನ್ನು ಚುಚ್ಚಿ ಅದರೊಳಗಿನ ಗಾಳಿಯನ್ನೇ ಉಸಿರಾಡುತ್ತಿದ್ದುದರಿಂದ, ಅಲ್ಲಿ ಗಿಡ ತೆಗೆಯುವುದು ರೋಗ ತಡೆಯುವ ಕೆಲಸವೂ ಆಯಿತು.

ಹತೋಟಿ

ಕೈಯಿಂದ ಕಿತ್ತು ದಡದಿಂದ ದೂರ ಸಾಗಿಸುವುದೇ ಹಳೆಯ ಹಾಗೂ ಇಂದಿಗೂ ಒಳ್ಳೆಯ ವಿಧಾನ. ವಾಟರ್ ಹಯಸಿಂತಿನ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರೇ ಆದ್ದರಿಂದ ಇದು ಶ್ರಮದ ಕೆಲಸ. ಹೂ ಬಿಡುವ ಮುಂಚೆ, ಬೇಸಿಗೆಯಲ್ಲಿ ನೀರು ಕುಗ್ಗಿದಾಗ ತೆಗೆದರೆ ಖರ್ಚು ಕಡಿಮೆ. ಕಿತ್ತ ರಾಶಿಯನ್ನು ಏರಿಯ ಮೇಲೆಯೇ ಬಿಡುವುದು ಎಲ್ಲೆಡೆ ಕಾಣುವ ರೂಢಿ. ಮೊದಲ ಮಳೆಗೆ ಅದರ ಸಾರವೆಲ್ಲ ಮತ್ತೆ ಕೆರೆಗೇ ಇಳಿಯುತ್ತದೆ.

ಕಳೆನಾಶಕಗಳಿಂದ ಗಿಡಗಳು ಬೇಗ ಸಾಯುತ್ತವೆ, ಆದರೆ ಸತ್ತ ಗಿಡ ಅಲ್ಲೇ ಮುಳುಗಿ ಕೊಳೆಯುತ್ತದೆ. ಇಡೀ ಕೆರೆಗೆ ಒಮ್ಮೆಗೇ ಸಿಂಪಡಿಸಿದರೆ ಗಿಡದಿಂದ ಸಾಯದ ಮೀನು ಚಿಕಿತ್ಸೆಯಿಂದ ಸಾಯುತ್ತದೆ. ಆದ್ದರಿಂದ ಭಾಗ ಭಾಗವಾಗಿ, ನಡುವೆ ದಿನಗಳ ಅಂತರವಿಟ್ಟು ತೆಗೆಯುವುದು ಅಗತ್ಯ.

ಜೈವಿಕ ಹತೋಟಿಯಲ್ಲಿ ಬೆಂಗಳೂರಿನ ಪಾತ್ರ ಗಮನಾರ್ಹ. 1980ರ ದಶಕದಲ್ಲಿ ವಾಟರ್ ಹಯಸಿಂತನ್ನು ತಿನ್ನುವ ನಿಯೋಕೆಟಿನಾ ಎಂಬ ಮೂತಿಹುಳುಗಳನ್ನೂ, ಸಾಲ್ವೀನಿಯಾವನ್ನು ತಿನ್ನುವ ಸೈರ್ಟೊಬೇಗಸ್ ಎಂಬ ಮೂತಿಹುಳುವನ್ನೂ ಹೊರದೇಶಗಳಿಂದ ತಂದು, ಬೇರೆ ಬೆಳೆಗಳಿಗೆ ಹಾನಿಯಿಲ್ಲವೆಂದು ಪರೀಕ್ಷಿಸಿ ಇಲ್ಲಿ ಬಿಡಲಾಯಿತು. ಸಾಲ್ವೀನಿಯಾದ ಹುಳು ಬಳಿಕ ಕೇರಳದಲ್ಲಿ ದೊಡ್ಡ ಯಶಸ್ಸು ಕಂಡಿತು. ವಾಟರ್ ಹಯಸಿಂತಿನ ಹುಳುಗಳ ಫಲ ಅಷ್ಟು ಒಂದೇ ಸಮನಾಗಿಲ್ಲ. ಕೊಳಚೆ ಸತತವಾಗಿ ಹರಿದುಬರುವ ಕೆರೆಗಳಲ್ಲಿ ಹುಳು ತಿನ್ನುವುದಕ್ಕಿಂತ ವೇಗವಾಗಿ ಗಿಡ ಬೆಳೆಯುತ್ತದೆ. ಕೊಳಚೆ ತಡೆಯದೆ ಗಿಡವನ್ನಷ್ಟೇ ಕೀಳುವ ಯೋಜನೆಗಳಿಗೆ ಪ್ರತಿವರ್ಷ ಮತ್ತೆ ಹಣ ಬೇಕಾಗುವುದೂ ಇದೇ ಕಾರಣಕ್ಕೆ.

ಉಪಯೋಗಗಳು

ಜೊಂಡಿನಿಂದ ಚಾಪೆ ಹೆಣೆಯುತ್ತಾರೆ, ತಾವರೆಯ ಬೇರುಕಾಂಡ ಮತ್ತು ಬೀಜಗಳನ್ನು ತಿನ್ನುತ್ತಾರೆ, ಅಜೋಲ್ಲಾವನ್ನು ಭತ್ತದ ಗದ್ದೆಗೆ ಗೊಬ್ಬರವಾಗಿಯೂ ಹಸುಕೋಳಿಗಳಿಗೆ ಮೇವಾಗಿಯೂ ಬಳಸುತ್ತಾರೆ. ವಾಟರ್ ಹಯಸಿಂತ್ ಎರೆಗೊಬ್ಬರಕ್ಕೂ ಗೋಬರ್ ಗ್ಯಾಸಿಗೂ ಒದಗುತ್ತದೆ. ಕಾರ್ಖಾನೆಯ ತ್ಯಾಜ್ಯ ಸೇರುವ ಕೆರೆಯ ಗಿಡಗಳು ಸೀಸ, ಕ್ಯಾಡ್ಮಿಯಂಗಳಂಥ ಲೋಹಗಳನ್ನು ಹೀರಿಕೊಂಡಿರುವುದರಿಂದ ಅವನ್ನು ಮೇವಿಗೆ ಅಥವಾ ಗೊಬ್ಬರಕ್ಕೆ ಬಳಸಬಾರದು. ಬಿಹಾರದ ಮಿಥಿಲೆಯಲ್ಲಿ ಮಖಾನ ಬೆಳೆಯುವ ಕೊಳಗಳಲ್ಲಿ ಮೀನನ್ನೂ ಜೊತೆಗೆ ಸಾಕುವ ಪದ್ಧತಿಯಿದೆ. ಮಿಥಿಲಾ ಮಖಾನಕ್ಕೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅಲ್ಲಿ ಮಖಾನದ ಮುಳ್ಳೆಲೆಗಳು ನೀರನ್ನು ಪೂರ್ತಿ ಮುಚ್ಚದಂತೆ ಕೊಳದ ಒಂದು ಭಾಗವನ್ನು ಮೀನಿಗಾಗಿ ತೆರೆದಿಡುತ್ತಾರೆ.